ಘಟ್ಟದ ಮೇಲಣ ತೋಟದೂರು: ಅಲ್ಲಿಯ ಬಾಳುವೆ ಮತ್ತು ಆಸ್ತಿಯ ವ್ಯವಸ್ಥೆ

ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಸಂಚರಿಸುವವರಿಗೆ ಬಯಲುಸೀಮೆಯಲ್ಲಿರುವಂತೆ ನೂರಾರು ಮನೆಗಳು ಒತ್ತಾಗಿ ಕೂಡಿರುವ ಗ್ರಾಮಗಳು ಸಾಮಾನ್ಯವಾಗಿ ಕಾಣಬರುವುದಿಲ್ಲ. ಎರಡು ಗುಡ್ಡಗಳ ನಡುವೆ ಇಕ್ಕಟ್ಟಾದ ಒಂದು ಕಣಿವೆ. ಕಣಿವೆಯ ತಳದಲ್ಲಿ ಅಡಿಕೆಯ ತೋಟ. ತೋಟದ ಅಂಚಿನಲ್ಲಿ, ನೆಲ ಸ್ವಲ್ಪ ಎತ್ತರವಾದೆಡೆಯಲ್ಲಿ, ನಾಲ್ಕಾರು ಮನೆಗಳು. ಮನೆಗಳ ಹಿಂದೆ ಬೆಟ್ಟ. ಅಲ್ಲಿಯ ಊರೆಂದರೆ ಇಷ್ಟೇ. ಇಂತಹ ಮತ್ತೊಂದು ಊರನ್ನು ಸೇರಬೇಕಾದರೆ ಒಂದು ಗುಡ್ಡವನ್ನಾದರೂ ಹತ್ತಿ ಇಳಿಯಬೇಕಾಗುವುದು.

ನೋಡುವುದಕ್ಕೆ ಚಿಕ್ಕದಾಗಿದ್ದರೂ ಈ ಊರಿನ ರಚನೆಯು ಬಹುಕಾಲದ ಅನುಭವದಿಂದ ಸಿದ್ಧವಾದದ್ದು. ೧೮೦೧ನೆಯ ಇಸವಿಯಲ್ಲಿ ಫ್ರಾನ್ಸಿಸ್ ಬುಕನನ್ ಎಂಬ ಸ್ಕಾಟ್ಲೆಂಡಿನ ವೈದ್ಯನು ಈ ಪ್ರದೇಶದಲ್ಲಿ ಪ್ರವಾಸಮಾಡಿದಾಗಲೇ ಅಡಿಕೆ, ಮೆಣಸು, ಏಲಕ್ಕಿಗಳ ತೋಟಗಳು ಇಲ್ಲಿಯ ಮುಖ್ಯ ಸಂಪತ್ತಾಗಿದ್ದವು. ಅಂದಿನಿಂದ ಇಂದಿನವರೆಗೆ ಸರ್ಕಾರಗಳು ಬದಲಾದವು. ೧೮೬೨ರಲ್ಲಿ ಈ ಸೀಮೆಯು ಮದ್ರಾಸ್ ಆಧಿಪತ್ಯದಿಂದ ಮುಂಬಯಿ ಆಧಿಪತ್ಯಕ್ಕೂ, ೧೯೫೬ರಲ್ಲಿ ಮುಂಬಯಿಯಿಂದ ಮೈಸೂರು ರಾಜ್ಯಕ್ಕೂ ಸೇರಿತು. ತೋಟಗಳು ಮಾತ್ರ ಅದೇ ಕಣಿವೆಗಳಲ್ಲಿ ನಿಂತಿವೆ. ಈ ತೋಟದೂರುಗಳಲ್ಲಿ ಬಾಳುವೆಯು ಹೇಗೆ ನಡೆಯುವುದು, ಆಸ್ತಿಯೆಂಬುದು ಯಾವ ಯಾವ ಅಂಗಗಳಿಂದ ಕೂಡಿರುವುದು, ಅದು ಪಾಲಾಗುವಾಗ ಏನೇನು ಕೇಡುಗಳು ಸಂಭವಿಸುವುವು, ಅವನ್ನು ಹೇಗೆ ತಪ್ಪಿಸಬಹುದು ಎಂಬುದನ್ನು ಈ ಲೇಖನದಲ್ಲಿ ಸಂಕ್ಷೇಪವಾಗಿ ವಿವರಿಸಿದೆ.

೧. ಊರಿನ ರಚನೆ

ಅಡಿಕೆಯ ಮರಕ್ಕೆ ಮೂರು ಸಂಗತಿಗಳು ಆವಶ್ಯಕ: ಬೇಸಗೆಯಲ್ಲಿಯೂ ಬತ್ತದ ನೀರು, ಮಳೆಗಾಲದಲ್ಲಿ ನೀರು ನಿಲ್ಲದ ನೆಲ, ಮತ್ತು ಬಿಸಿಲು ಬೀಸುಗಾಳಿಗಳ ಮರೆ. ಈ ಮೂರೂ ಒಟ್ಟಿಗೆ ದೊರೆಯುವುದು ಕಣಿವೆಯ ತಳದಲ್ಲಿಯೇ. ಆದಕಾರಣ ಪೂರ್ವಿಕರು ಕಣಿವೆಯ ನೆಲವನ್ನು ತೋಟಕ್ಕೆ ಬಿಟ್ಟುಕೊಟ್ಟು, ತಾವು ಅದರ ಮೇಲಂಚಿನಲ್ಲಿ ಮನೆಗಳನ್ನು ಕಟ್ಟಿಕೊಂಡರು. ಮನೆಯ ಮುಂದಿನ ಅಂಗಳವು ಬೇಸಗೆಯಲ್ಲಿ ಅಡಿಕೆಯನ್ನು ಒಣಗಿಸುವ ಕಣವಾಯಿತು, ಅಟ್ಟವು ಉಗ್ರಾಣವಾಯಿತು, ಮನೆಗೆ ತಗುಲಿದ ಕೊಟ್ಟಿಗೆಯು ಗೊಬ್ಬರದ ಕಾರ್ಖಾನೆಯಾಯಿತು.

ಕಣಿವೆಯ ತಲೆಯಲ್ಲಿ ಒಂದು ಕೆರೆಯೋ ಅಥವಾ ಗುಡ್ಡದಿಂದ ಇಳಿದುಬರುವ ಅಬ್ಬಿಯ ನೀರೋ ಇರುವುದು. ಅಲ್ಲಿಂದ ತೋಟದ ಮೇಲಂಚಿನ ಗುಂಟ ಒಂದು ಕಾಲುವೆಯು ಹರಿಯುವುದು. ಅಡಿಕೆಯ ಸಾಲುಗಳ ನಡುನಡುವೆ ಬಸಿಗಾಲುವೆಗಳನ್ನು ತೋಡಿ, ಅವೆಲ್ಲವನ್ನೂ ತಗ್ಗಿನಲ್ಲಿರುವ ದೊಡ್ಡ ಹಳ್ಳಕ್ಕೆ ಸೇರಿಸಿರುವರು. ಬೇಸಗೆಯಲ್ಲಿ ಮೇಲಿನ ಕಾಲುವೆಯು ಮರಗಳನ್ನು ಬದುಕಿಸುವುದು. ಮಳೆಗಾಲದಲ್ಲಿ ಕೆಳಗಿನ ಬಸಿಗಾಲುವೆಯು ಅವುಗಳನ್ನು ಉಳಿಸುವುದು. ಅನೇಕ ಕಡೆಗಳಲ್ಲಿ ವರ್ಷಕ್ಕೆ ೧೦೦ ಅಂಗುಲವನ್ನು ಮೀರಿ ಮಳೆ ಸುರಿಯುವ ಈ ಸೀಮೆಯಲ್ಲಿ ಎರಡನೆಯದು ಮೊದಲನೆಯದಕ್ಕಿಂತ ಕಡಿಮೆ ಮುಖ್ಯವಾದದ್ದಲ್ಲ. ಬೇರಿನ ಬುಡದಲ್ಲಿ ನೀರು ನಿಂತ ತೋಟದಲ್ಲಿ ಮರಗಳು ಸೊರಗಿ, ತಲೆ ಸಣ್ಣದಾಗಿ, ಫಸಲು ಇಳಿದುಹೋಗುವುದು.

ಇದರಿಂದ ತಿಳಿಯಬೇಕಾದದ್ದೇನೆಂದರೆ, ನಾಲ್ಕು ಮನೆಗಳವರು ನಾಲ್ಕು ಬೇರೆ ಬೇರೆ ತುಂಡುಗಳಿಗೆ ಒಡೆಯರಾಗಿದ್ದರೂ, ನೀರಿನ ದೃಷ್ಟಿಯಿಂದ ನೋಡಿದರೆ ಆ ಕಣಿವೆಯ ತೋಟವೆಲ್ಲ ಒಂದೇ. ಮೇಲಿನವನು ಕಾಲುವೆಯನ್ನು ಕಟ್ಟಿದರೆ ಕೆಳಗಿನವನ ಮರಗಳು ಒಣಗುವುವು. ಕೆಳಗಿನವನು ಹಳ್ಳದ ಹೂಳನ್ನು ತೆಗೆಯದಿದ್ದರೆ ಮೇಲಿನವನ ತೋಟದಲ್ಲಿ ನೀರು ನಿಲ್ಲುವುದು.

೨. ತೋಟಕ್ಕೂ ಬೆಟ್ಟಕ್ಕೂ ಇರುವ ಸಂಬಂಧ

ಘಟ್ಟದ ಮೇಲಿನ ತೋಟಿಗನು "ಬೆಟ್ಟ" ಎಂಬ ಮಾತನ್ನು ಬರಿಯ ಗುಡ್ಡವೆಂಬ ಅರ್ಥದಲ್ಲಿ ಬಳಸುವುದಿಲ್ಲ. ತೋಟಕ್ಕೆ ಬೇಕಾದ ಸೊಪ್ಪು, ದರಕು, ಹುಲ್ಲು, ಸೌದೆಗಳನ್ನು ತರುವುದಕ್ಕಾಗಿ ಸರ್ಕಾರವು ತೋಟದೊಡನೆ ಗೊತ್ತುಮಾಡಿಕೊಟ್ಟಿರುವ ಕಾಡಿನ ಭಾಗಕ್ಕೆ ಇಲ್ಲಿ ಬೆಟ್ಟವೆಂದು ಹೆಸರು. ಹಳೆಯ ಮೈಸೂರಿನ ಮಲೆನಾಡಿನಲ್ಲಿ ಇದನ್ನು ಸೊಪ್ಪಿನ ಬೆಟ್ಟವೆಂದು ಕರೆಯುವರು. ದಕ್ಷಿಣ ಕನ್ನಡದ ಕುಮ್ಕಿ, ಕೊಡಗಿನ ಬಾಣೆ ಮೊದಲಾದವು ಇದೇ ಜಾತಿಯ ಸೌಲಭ್ಯಗಳು. ಉತ್ತರ ಕನ್ನಡದಲ್ಲಿ ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ ೯ ಎಕರೆಯವರೆಗೆ ಬೆಟ್ಟವನ್ನು ಗೊತ್ತುಮಾಡುವ ಪದ್ಧತಿಯು ಮುಂಬಯಿ ಸರ್ಕಾರದ ಕಾಲದಿಂದ ಬಂದದ್ದು. ಕೆಲವು ಬೆಟ್ಟಗಳು ಒಬ್ಬೊಬ್ಬ ತೋಟಿಗನ ಹೆಸರಿನಲ್ಲಿಯೂ, ಕೆಲವು ಊರಿನ ತೋಟಿಗರೆಲ್ಲರ ಸಮಷ್ಟಿಯ ಉಪಯೋಗಕ್ಕಾಗಿಯೂ ಇರುವುವು.

ಇಷ್ಟೊಂದು ಬೆಟ್ಟವು ಏತಕ್ಕೆ ಬೇಕೆಂದು ಹೊರಗಿನವರು ಆಶ್ಚರ್ಯಪಡುವುದುಂಟು. ಮಳೆಯ ಹೊಡೆತಕ್ಕೆ ಸಿಕ್ಕಿದ ಮಣ್ಣಿನಿಂದ ಸಾರವು ಕೊಚ್ಚಿಹೋಗುತ್ತಿರುವುದು. ಆ ನಷ್ಟವನ್ನು ತುಂಬಬೇಕಾದರೆ ವರ್ಷವರ್ಷವೂ ಸೊಪ್ಪನ್ನೂ ದರಕನ್ನೂ ಕೊಟ್ಟಿಗೆಯಲ್ಲಿ ಹಾಸಿ, ದನಗಳ ಸಗಣಿ ಗಂಜಲಗಳೊಡನೆ ಕೊಳೆಯಿಸಿ, ಮರದ ಬುಡಕ್ಕೆ ಹಾಕಬೇಕು. ಒಂದೇ ಮರವನ್ನು ಪ್ರತಿವರ್ಷವೂ ಬೋಳಿಸಿದರೆ ಅದು ಸಾಯುವುದು. ಆದುದರಿಂದ ಈ ವರ್ಷ ಒಂದು ಭಾಗ, ಮುಂದಿನ ವರ್ಷ ಮತ್ತೊಂದು ಭಾಗ ಎಂದು ಸರದಿಯ ಮೇಲೆ ಸೊಪ್ಪು ಕಡಿಯುವುದಕ್ಕೆ ಅವಕಾಶವಿರುವಷ್ಟು ವಿಸ್ತಾರವಾದ ಬೆಟ್ಟವು ಬೇಕಾಯಿತು. ಮತ್ತಿ, ಹೊನ್ನೆ, ನಂದಿ, ಕವಲು, ನೆಲ್ಲಿ ಮೊದಲಾದ ಮರಗಳು ಬೆಟ್ಟದಲ್ಲಿ ಸಾಮಾನ್ಯವಾಗಿರುವುವು. ಅವುಗಳ ನೆರಳಿನ ನೆಲದಲ್ಲಿ ಇಂಗಿದ ಮಳೆಯ ನೀರೇ ಬೇಸಗೆಯಲ್ಲಿ ಅಬ್ಬಿಯಾಗಿ ಕೆಳಗಿಳಿದು ತೋಟಕ್ಕೆ ಬರುವುದೆಂಬುದನ್ನು ಮರೆಯಕೂಡದು. ಬೆಟ್ಟವು ಬೋಳಾದರೆ ತೋಟವು ಗೊಬ್ಬರವನ್ನು ಮಾತ್ರವಲ್ಲ, ನೀರನ್ನೂ ಕಳೆದುಕೊಳ್ಳುವುದು.

ಬೆಟ್ಟದ ಮೇಲೆ ತೋಟಿಗನಿಗಿರುವುದು ಒಡೆತನವಲ್ಲ, ಉಪಯೋಗದ ಸೌಲಭ್ಯ. ೧೯೬೪ರ ಕರ್ನಾಟಕ ಭೂಕಂದಾಯ ಅಧಿನಿಯಮದ ೭೯ನೆಯ ಪ್ರಕರಣವು ಉತ್ತರ ಕನ್ನಡದ ಬೆಟ್ಟ ಮತ್ತು ಹಾಡಿ, ಮೈಸೂರು ಪ್ರಾಂತದ ಕಾನು ಮತ್ತು ಸೊಪ್ಪಿನ ಬೆಟ್ಟ, ಕೊಡಗಿನ ಜಮ್ಮಾ ಮತ್ತು ಬಾಣೆ ಮೊದಲಾದ ಭೂಮಿಗಳಲ್ಲಿ ರೂಢಿಯಿಂದಾಗಲಿ ಆಜ್ಞೆಯಿಂದಾಗಲಿ ಅನುಭವಿಸುತ್ತ ಬಂದ ಸೌಲಭ್ಯಗಳು ಮುಂದುವರಿಯತಕ್ಕವೆಂದು ವಿಧಿಸಿರುವುದು. ಆದರೆ ಬೆಟ್ಟವನ್ನು ಕಡಿದು ಹೊಸ ತೋಟವನ್ನು ಮಾಡುವುದಾಗಲಿ, ಅದನ್ನು ಮಾರುವುದಾಗಲಿ ಈ ಸೌಲಭ್ಯದಲ್ಲಿ ಅಡಕವಾಗಿಲ್ಲ. ೧೯೮೦ರ ಅರಣ್ಯ ಸಂರಕ್ಷಣಾ ಅಧಿನಿಯಮವು ಬಂದ ಮೇಲಂತೂ ಅರಣ್ಯಭೂಮಿಯನ್ನು ಕೇಂದ್ರ ಸರ್ಕಾರದ ಮುಂಗಡ ಅನುಮತಿಯಿಲ್ಲದೆ ಅನ್ಯ ಕಾರ್ಯಕ್ಕೆ ಉಪಯೋಗಿಸಲಾಗದು. ಕಾಡಿಗೂ ತೋಟಕ್ಕೂ ಇರುವ ನಂಟನ್ನು ಈ ಸೀಮೆಯ ಜನರು ಚೆನ್ನಾಗಿ ಅರಿತಿರುವರೆಂಬುದಕ್ಕೆ, ೧೯೮೩ರ ಸೆಪ್ಟೆಂಬರ್ ತಿಂಗಳಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಕಡೆಯ ಹಳ್ಳಿಗರು ಮರಗಳನ್ನು ಅಪ್ಪಿಕೊಂಡು ಕಡಿತವನ್ನು ತಡೆದ "ಅಪ್ಪಿಕೋ" ಚಳವಳಿಯೇ ಸಾಕ್ಷಿ.

೩. ವರ್ಷದ ಕೆಲಸಗಳು

ತೋಟದೂರಿನ ಪಂಚಾಂಗವು ಅಡಿಕೆಯ ಮರವನ್ನು ಅನುಸರಿಸಿ ನಡೆಯುವುದು. ಬೇಸಗೆಯಲ್ಲಿ ಸೊಪ್ಪು, ದರಕುಗಳ ಸಂಗ್ರಹ, ನೀರು ಬಿಡುವುದು, ಗೊಬ್ಬರ ಹಾಕಿ ಮಣ್ಣು ಮುಚ್ಚುವುದು. ಮಳೆಗೆ ಮುಂಚೆ ಬಸಿಗಾಲುವೆಗಳ ಹೂಳು ತೆಗೆಯುವುದು, ಸೌದೆಯನ್ನು ಒಳಗೆ ಸೇರಿಸುವುದು. ಮಳೆಗಾಲದಲ್ಲಿ ಔಷಧ ಹೊಡೆಯುವುದು. ಮಳೆ ಹಿಂದೆಗೆದ ಮೇಲೆ ಕೊನೆ ಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದು. ಕಾಯಿ ಹಸಿರಾಗಿರುವಾಗ ಕೊಯ್ದು ಸುಲಿದು ಚೊಗರಿನಲ್ಲಿ ಬೇಯಿಸಿ ಒಣಗಿಸಿದರೆ ಕೆಂಪಡಿಕೆಯಾಗುವುದು. ಹಣ್ಣಾದ ಮೇಲೆ ಕೊಯ್ದು ಸಿಪ್ಪೆಯೊಡನೆಯೇ ಸುಮಾರು ೪೦ ರಿಂದ ೪೫ ದಿವಸ ಬಿಸಿಲಿನಲ್ಲಿ ಒಣಗಿಸಿ ಅನಂತರ ಸುಲಿದರೆ ಚಾಲಿಯಾಗುವುದು. ಸುಲಿಯುವ ಕೆಲಸಕ್ಕೆ ಹಿಂದೆ ಊರಿನ ಗಂಡಸರೂ ಹೆಂಗಸರೂ ಮೆಟ್ಟುಗತ್ತಿಗಳನ್ನು ಹಿಡಿದು ರಾತ್ರಿಯವರೆಗೆ ಒಬ್ಬರ ಮನೆಯಲ್ಲಿ ಒಬ್ಬರು ಮುಯ್ಯಾಳಾಗಿ ಕುಳಿತುಕೊಳ್ಳುತ್ತಿದ್ದರು. ಈಗ ಸುಲಿಯುವ ಯಂತ್ರಗಳು ಬಂದಿರುವುವು.

ಈ ಕೆಲಸಗಳಲ್ಲಿ ಅತ್ಯಂತ ಜರೂರಾದದ್ದು ಕೊಳೆರೋಗದ ನಿವಾರಣೆ. ಎಡೆಬಿಡದೆ ಮಳೆಯೂ ಮಂಜೂ ಇರುವ ಕಾಲದಲ್ಲಿ ಎಳೆಯ ಕಾಯಿಗಳ ಮೇಲೆ ನೀರು ಹೀರಿದಂತಹ ಕಪ್ಪುಹಸಿರು ಮಚ್ಚೆಗಳು ಬಿದ್ದು, ಕಾಯಿಗಳು ಕೊಳೆತು ಉದುರುವುವು. ಅವುಗಳ ಮೇಲೆ ಬೂದಿಯಂತೆ ಬಿಳಿಯ ಬೂಷ್ಟು ಬೆಳೆಯುವುದು. ರೋಗವು ಮರದ ಸುಳಿಗೆ ಇಳಿದರೆ ಮರವೇ ಸಾಯುವುದು. ಪೂರ್ವದಲ್ಲಿ ತೋಟಿಗರು ಕರಡದ ಹುಲ್ಲಿನಿಂದ ಹೆಣೆದ ಕೊಟ್ಟೆಗಳನ್ನು ಪ್ರತಿಯೊಂದು ಕೊನೆಗೂ ಕಟ್ಟಿ ಮಳೆಯಿಂದ ಕಾಪಾಡುತ್ತಿದ್ದರು. ಆಗಿನ ಮೈಸೂರು ಸಂಸ್ಥಾನದ ವ್ಯವಸಾಯ ಇಲಾಖೆಯಲ್ಲಿದ್ದ ಡಾಕ್ಟರ್ ಲೆಸ್ಲಿ ಕೋಲ್ಮನ್ ರವರು ಈ ರೋಗವು ಫೈಟಾಫ್ತೊರಾ ಎಂಬ ಬೂಷ್ಟುಜಾತಿಯಿಂದ ಬರುವುದೆಂದು ಶೋಧಿಸಿ, ತಮ್ಮ ಪರಿಶೋಧನೆಯನ್ನು ೧೯೧೦ರಲ್ಲಿ ಪ್ರಕಟಿಸಿದರು. ಬೋರ್ಡೋ ದ್ರಾವಣವನ್ನು ಹೊಡೆಯುವ ಪದ್ಧತಿಯೂ ಅವರ ಪ್ರಯತ್ನದಿಂದ ಮಲೆನಾಡಿನಲ್ಲಿ ಹರಡಿತು.

ದ್ರಾವಣವನ್ನು ಮಾಡುವ ಕ್ರಮವು ಈ ರೀತಿ ಇರುವುದು. ೧ ಕಿಲೋಗ್ರಾಂ ಮೈಲುತುತ್ತವನ್ನು ೫೦ ಲೀಟರ್ ನೀರಿನಲ್ಲಿಯೂ, ೧ ಕಿಲೋಗ್ರಾಂ ಒಳ್ಳೆಯ ಸುಣ್ಣವನ್ನು ಬೇರೆ ೫೦ ಲೀಟರ್ ನೀರಿನಲ್ಲಿಯೂ ಕರಗಿಸಬೇಕು. ಅನಂತರ ತುತ್ತದ ನೀರನ್ನು ಸುಣ್ಣದ ನೀರಿಗೆ ಸ್ವಲ್ಪಸ್ವಲ್ಪವಾಗಿ ಹೊಯ್ಯುತ್ತ ಚೆನ್ನಾಗಿ ಕಲಕಬೇಕು. ಕಬ್ಬಿಣದ ಪಾತ್ರೆಗಳನ್ನು ಉಪಯೋಗಿಸಕೂಡದು. ಉಜ್ಜಿದ ಕತ್ತಿಯೊಂದನ್ನು ದ್ರಾವಣದಲ್ಲಿ ಅದ್ದಿ ನೋಡಿ, ಅಲಗು ಕೆಂಪಾದರೆ ಇನ್ನಷ್ಟು ಸುಣ್ಣದ ನೀರನ್ನು ಸೇರಿಸಬೇಕು. ತಯಾರಾದ ದಿವಸವೇ ಅದನ್ನು ಹೊಡೆದು ಮುಗಿಸಬೇಕು. ಮೊದಲನೆಯ ಸಲ ಮುಂಗಾರು ಹಿಡಿಯುವುದಕ್ಕೆ ಮುಂಚೆ, ಎರಡನೆಯ ಸಲ ಅದಾದ ೪೦ ರಿಂದ ೪೫ ದಿವಸಗಳಲ್ಲಿ ಹೊಡೆಯತಕ್ಕದ್ದು. ಮಳೆಯು ದೀರ್ಘವಾದರೆ ಮೂರನೆಯ ಸಲವೂ ಬೇಕಾಗಬಹುದು.

ಈ ವಿಷಯದಲ್ಲಿಯೂ ನೆರೆಹೊರೆಯವರ ಸಂಬಂಧವು ಗಮನಾರ್ಹವಾದದ್ದು. ರೋಗದ ಬೀಜಾಣುಗಳು ಮಳೆಯ ಹನಿಯ ಎರಚಲಿನಿಂದಲೂ ಗಾಳಿಯಿಂದಲೂ ಹರಡುವುವು. ಅವುಗಳಿಗೆ ಸರ್ವೆಯ ಕಲ್ಲುಗಳ ಗೊಡವೆಯಿಲ್ಲ. ಮೂರು ಮನೆಗಳವರು ಔಷಧ ಹೊಡೆದು ನಾಲ್ಕನೆಯವರು ಬಿಟ್ಟರೆ, ಆ ನಾಲ್ಕನೆಯ ತುಂಡು ಉಳಿದ ಮೂರಕ್ಕೂ ರೋಗದ ಮಡುವಾಗುವುದು. ಉದುರಿದ ಕೊಳೆಗಾಯಿಗಳನ್ನು ಹೆಕ್ಕಿ ನಾಶಮಾಡುವುದನ್ನೂ ಇದೇ ಪ್ರಕಾರ ಎಲ್ಲರೂ ಮಾಡಬೇಕು.

೪. ಆಸ್ತಿಯ ಹಕ್ಕು ಯಾರಿಗೆ

ತೋಟದೂರಿನ ಆಸ್ತಿಯನ್ನು ಹಿಂದಿನ ಕಾಲದ ಕಣ್ಣಿನಿಂದಲೇ ನೋಡುವವರು ಇನ್ನೂ ಉಂಟು. ಆದರೆ ಕಳೆದ ಎಪ್ಪತ್ತು ವರ್ಷಗಳಲ್ಲಿ ಮೂರು ದೊಡ್ಡ ಬದಲಾವಣೆಗಳು ಆಗಿರುವುವು.

ಮೊದಲನೆಯದು ಗೇಣಿದಾರರ ಹಕ್ಕು. ೧೯೫೧ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ರೈತರು ನಡೆಸಿದ ಸತ್ಯಾಗ್ರಹವು ಮಲೆನಾಡಿನಲ್ಲೆಲ್ಲ ಪ್ರಸಿದ್ಧವಾದದ್ದು. ೧೯೬೧ರ ಭೂಸುಧಾರಣಾ ಅಧಿನಿಯಮಕ್ಕೆ ತಂದ ತಿದ್ದುಪಡಿಯ ಪ್ರಕಾರ ೧೯೭೪ರ ಮಾರ್ಚ್ ೧ನೆಯ ತಾರೀಖಿನಿಂದ ಗೇಣಿಯ ಭೂಮಿಗಳು ಸರ್ಕಾರಕ್ಕೆ ಸೇರಿ, ಉಳುವವರು ಅವುಗಳ ಅಧಿಭೋಗದಾರರಾಗುವುದಕ್ಕೆ ಅರ್ಹರಾದರು. ಹೀಗೆ ಅನೇಕ ಊರುಗಳಲ್ಲಿ ಹಿಂದಿನ ಒಡೆಯನೂ ಹಿಂದಿನ ಗೇಣಿದಾರನೂ ಒಂದೇ ಕಾಲುವೆಯ ನೀರನ್ನು ಹಂಚಿಕೊಳ್ಳುವ ಸಮಾನ ನೆರೆಯವರಾದರು.

ಎರಡನೆಯದು ಕೂಲಿಕಾರರ ಮನೆಯ ಹಕ್ಕು. ತೋಟದೂರು ಒಡೆಯರ ಮನೆಗಳಿಂದ ಮಾತ್ರ ಆದದ್ದಲ್ಲ. ಕೊನೆ ಕೊಯ್ಯುವವರು, ಮಣ್ಣಿನ ಕೆಲಸದವರು, ಸೊಪ್ಪು ತರುವವರು ಸ್ವಲ್ಪ ದೂರದಲ್ಲಿ ತಮ್ಮ ಮನೆಗಳನ್ನು ಮಾಡಿಕೊಂಡಿರುವರು. ಅನ್ಯರ ಭೂಮಿಯಲ್ಲಿ ವಾಸದ ಮನೆಯನ್ನು ಹೊಂದಿರುವ ಕೃಷಿ ಕಾರ್ಮಿಕನಿಗೆ ಆ ಮನೆಯನ್ನೂ ಅದರ ನಿವೇಶನವನ್ನೂ ಸ್ವಂತಕ್ಕೆ ದೊರಕಿಸುವ ಏರ್ಪಾಡು ಮೇಲ್ಕಂಡ ಅಧಿನಿಯಮದ ೩೮ನೆಯ ಪ್ರಕರಣದಲ್ಲಿರುವುದು. ತಲೆಯ ಮೇಲಿನ ಸೂರು ಅನ್ಯರ ದಯೆಯಲ್ಲಿರುವವರೆಗೆ ಕೂಲಿಯ ದರವನ್ನು ನಿರ್ಭಯವಾಗಿ ಕೇಳುವುದು ಯಾರಿಗೂ ಸಾಧ್ಯವಿಲ್ಲ. ಸ್ವಂತ ಮನೆಯಿರುವ ಕೆಲಸಗಾರನು ಊರನ್ನು ಬಿಟ್ಟುಹೋಗುವ ಸಂಭವವೂ ಕಡಿಮೆ. ಅರವತ್ತು ಎಪ್ಪತ್ತು ಅಡಿಯ ಮರವನ್ನು ಮಳೆಗಾಲದಲ್ಲಿ ಹತ್ತಿ ಔಷಧ ಹೊಡೆಯುವವರು ಇಲ್ಲದೆ ಹೋದರೆ ತೋಟದ ಕಾಗದಪತ್ರಗಳಿಂದ ಏನೂ ಪ್ರಯೋಜನವಾಗುವುದಿಲ್ಲ. ಈಚೆಗೆ ನೆಲದಲ್ಲಿಯೇ ನಿಂತು ಕೊನೆ ಕೊಯ್ಯುವ ಮತ್ತು ಔಷಧ ಹೊಡೆಯುವ ಉದ್ದನೆಯ ಹಗುರವಾದ ದೋಟಿಗಳು ಬಳಕೆಗೆ ಬಂದಿರುವುದು ಪ್ರಾಣರಕ್ಷಣೆಯ ದೃಷ್ಟಿಯಿಂದ ಸಂತೋಷಕರವಾದದ್ದು.

ಮೂರನೆಯದು ಹೆಣ್ಣುಮಕ್ಕಳ ಹಕ್ಕು. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಂತೆಯೇ ಜನ್ಮತಃ ಪಾಲುಂಟೆಂದು ಕರ್ನಾಟಕವು ೧೯೯೪ರಲ್ಲಿ, ಆಗ ಮದುವೆಯಾಗಿರದ ಹೆಣ್ಣುಮಕ್ಕಳ ಮಟ್ಟಿಗೆ, ಶಾಸನವನ್ನು ಮಾಡಿತು. ೨೦೦೫ರ ಸೆಪ್ಟೆಂಬರ್ ೯ರಂದು ಜಾರಿಗೆ ಬಂದ ಕೇಂದ್ರ ತಿದ್ದುಪಡಿಯು ಆ ಭೇದವನ್ನೂ ತೆಗೆದುಹಾಕಿತು. ಆ ದಿವಸ ತಂದೆಯು ಜೀವಿಸಿರಬೇಕೆಂಬ ನಿರ್ಬಂಧವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ೨೦೨೦ರ ಆಗಸ್ಟ್ ತಿಂಗಳಲ್ಲಿ ತೀರ್ಮಾನಿಸಿತು. ಆದರೂ ಊರಿಗೆ ಹಬ್ಬಕ್ಕೆಂದು ಬಂದ ಮಗಳ ಮುಂದೆ ಕಾಗದವನ್ನಿಟ್ಟು ಅದರಲ್ಲೇನಿದೆಯೆಂದು ತಿಳಿಸದೆ ಹಕ್ಕುಬಿಡುಗಡೆಗೆ ರುಜು ಹಾಕಿಸಿಕೊಳ್ಳುವ ಪದ್ಧತಿಯು ಅಲ್ಲಲ್ಲಿ ಉಳಿದಿರುವುದು. ಇದು ನ್ಯಾಯವೂ ಅಲ್ಲ, ಕ್ಷೇಮಕರವೂ ಅಲ್ಲ. ಇಂತಹ ಪತ್ರಗಳಿಂದಲೇ ಮುಂದೆ ವ್ಯಾಜ್ಯಗಳು ಹುಟ್ಟುವುವು. ಮಗಳು ಸ್ವಸಂತೋಷದಿಂದ ಪಾಲನ್ನು ಬಿಟ್ಟುಕೊಡುವುದಾದರೆ, ಅದರ ಬೆಲೆಯನ್ನು ಅರಿತು, ಯೋಗ್ಯವಾದ ಪ್ರತಿಫಲವನ್ನು ಪಡೆದು ಬಿಡುವುದೇ ಸರಿಯಾದದ್ದು.

೫. ಪಾಲಾಗುವಾಗ ಒದಗುವ ಕೇಡು

ತೋಟದೂರಿಗೆ ಈಗ ಒದಗಿರುವ ಮುಖ್ಯವಾದ ಕಷ್ಟವು ಹಕ್ಕಿನ ವಿಷಯದ್ದಲ್ಲ. ಹಕ್ಕನ್ನು ನೆಲದ ಮೇಲೆ ಹೇಗೆ ಗುರುತಿಸಬೇಕೆಂಬುದು. ಒಂದು ಲೆಕ್ಕದಿಂದ ಇದು ಸ್ಪಷ್ಟವಾಗುವುದು. ಒಂದು ಮನೆತನಕ್ಕೆ ೩ ಎಕರೆ ತೋಟವೂ ೨೭ ಎಕರೆ ಬೆಟ್ಟವೂ ಇರುವುವೆಂದು ಭಾವಿಸಬಹುದು. ೯ ಅಡಿಗೆ ಒಂದರಂತೆ ಮರಗಳನ್ನು ನೆಟ್ಟರೆ ಎಕರೆಗೆ ಸುಮಾರು ೫೪೦, ಒಟ್ಟು ಸುಮಾರು ೧,೬೨೦ ಮರಗಳಾಗುವುವು. ನಾಲ್ಕು ಮಕ್ಕಳಲ್ಲಿ ಸಮನಾಗಿ ಹಂಚಿದರೆ ಒಬ್ಬೊಬ್ಬರಿಗೆ ೩೦ ಗುಂಟೆ ತೋಟ, ೪೦೫ ಮರ, ೬ ಎಕರೆ ೩೦ ಗುಂಟೆ ಬೆಟ್ಟ. ಆ ಪಾಲು ಮುಂದಿನ ತಲೆಮಾರಿನಲ್ಲಿ ಮೂವರಿಗೆ ಹಂಚಿಹೋದರೆ ಒಬ್ಬೊಬ್ಬರಿಗೆ ೧೦ ಗುಂಟೆ ತೋಟ, ೧೩೫ ಮರ, ೨ ಎಕರೆ ೧೦ ಗುಂಟೆ ಬೆಟ್ಟ. ಎರಡು ತಲೆಮಾರುಗಳಲ್ಲಿ ತೋಟವು ಹನ್ನೆರಡು ತುಂಡಾಯಿತು. ಆದರೆ ಕಾಲುವೆಯ ಉದ್ದವು ಹನ್ನೆರಡರಲ್ಲಿ ಒಂದಾಗಲಿಲ್ಲ. ಪಂಪು, ಸುಲಿಯುವ ಯಂತ್ರ, ಬೇಯಿಸುವ ಹಂಡೆ, ಒಣಗಿಸುವ ಅಂಗಳಗಳ ಖರ್ಚೂ ಆ ಪ್ರಮಾಣದಲ್ಲಿ ಇಳಿಯಲಿಲ್ಲ. ಇಷ್ಟು ಚಿಕ್ಕ ಪಾಲಿನಿಂದ ಒಂದು ಸಂಸಾರವು ನಡೆಯಲಾರದೆಂದು ತಿಳಿದ ಮಕ್ಕಳು ಬೆಂಗಳೂರು ಮುಂತಾದ ಪಟ್ಟಣಗಳಿಗೆ ಹೋಗುವರು. ಊರಿನಲ್ಲಿ ವೃದ್ಧ ತಂದೆತಾಯಿಗಳು ಮಾತ್ರ ದೊಡ್ಡ ಮನೆಯಲ್ಲಿ ಉಳಿಯುವರು. ಕಾಲುವೆಯ ಹೂಳು ತೆಗೆಯುವವರು ಯಾರೆಂಬುದಕ್ಕೆ ಆಗ ಉತ್ತರವಿರುವುದಿಲ್ಲ.

ಪಾಲು ಮಾಡುವ ರೀತಿಯಲ್ಲಿಯೂ ತಪ್ಪುಗಳಾಗುವುವು. ಕಣಿವೆಯ ಉದ್ದಕ್ಕೆ ಅಡ್ಡಗೆರೆಯನ್ನೆಳೆದು ಮೇಲಿನದು ಹಿರಿಯನಿಗೆ, ಕೆಳಗಿನದು ಕಿರಿಯನಿಗೆ ಎಂದು ಹಂಚಿದರೆ, ನೀರಿನ ಬೀಗದ ಕೈ ಒಬ್ಬನಲ್ಲಿಯೂ ಕೊಚ್ಚೆಯ ಹೊರೆ ಮತ್ತೊಬ್ಬನಲ್ಲಿಯೂ ನಿಲ್ಲುವುದು. ಅದಕ್ಕಿಂತ, ಪ್ರತಿಯೊಂದು ಪಾಲೂ ಮೇಲಿನ ಕಾಲುವೆಯಿಂದ ಕೆಳಗಿನ ಹಳ್ಳದವರೆಗೆ ಪಟ್ಟೆಯಾಗಿ ಇಳಿಯುವಂತೆ ಹಂಚಿದರೆ ಪ್ರತಿಯೊಬ್ಬನಿಗೂ ಸ್ವಂತ ತೂಬೂ ಸ್ವಂತ ಬಸಿಯೂ ದೊರೆಯುವುವು. ನೆಲದ ಆಕಾರದಿಂದ ಇದು ಸಾಧ್ಯವಾಗದಿರುವಲ್ಲಿ ನೀರಿನ ಸರದಿ, ಹೂಳೆತ್ತುವ ಹೊಣೆ, ಗೊಬ್ಬರ ಹೊರುವ ದಾರಿ ಇವುಗಳನ್ನು ಪಾಲುಪತ್ರದಲ್ಲಿಯೇ ಬರೆಯಿಸಬೇಕು.

ಪಾಲಾದ ಆಸ್ತಿಯಲ್ಲಿ ಒಂದು ಭಾಗದ ಅನುಭವಕ್ಕೆ ಮತ್ತೊಂದು ಭಾಗದ ಮೇಲಿನ ದಾರಿಯೋ ನೀರೋ ಅನಿವಾರ್ಯವಾಗಿದ್ದರೆ ಅದನ್ನು ೧೮೮೨ರ ಅನುಭೋಗ ಹಕ್ಕುಗಳ ಅಧಿನಿಯಮವು ಮನ್ನಿಸುವುದು. ೨೦ ವರ್ಷ ಶಾಂತವಾಗಿ, ಬಹಿರಂಗವಾಗಿ, ಹಕ್ಕೆಂದು, ತಡೆಯಿಲ್ಲದೆ ಅನುಭವಿಸಿದ ದಾರಿ ನೀರುಗಳ ಹಕ್ಕು ಸ್ಥಿರವಾಗುವುದೆಂದೂ ಅದರಲ್ಲಿ ಹೇಳಿರುವುದು. ಆದರೆ ಇಂತಹ ಹಕ್ಕನ್ನು ನ್ಯಾಯಾಲಯದಲ್ಲಿ ಸ್ಥಾಪಿಸುವಷ್ಟರಲ್ಲಿ ಹಲವು ಬೇಸಗೆಗಳು ಕಳೆದುಹೋಗುವುವು. ಅಡಿಕೆಯ ಮರವು ಅಷ್ಟು ಕಾಲ ಬಾಯಾರಿ ಕಾಯಲಾರದು. ನೆಟ್ಟ ಸಸಿಯು ಫಲ ಕೊಡುವುದಕ್ಕೆ ಐದರಿಂದ ಎಂಟು ವರ್ಷಗಳು ಬೇಕಾಗುವುದರಿಂದ, ಒಂದು ಬೇಸಗೆಯ ಜಗಳದಿಂದ ಒಣಗಿದ ತೋಟವನ್ನು ಮತ್ತೆ ಎಬ್ಬಿಸುವುದಕ್ಕೆ ಸುಮಾರು ಒಂದು ದಶಕವೇ ಹಿಡಿಯುವುದು.

ವೃದ್ಧರು ಮಕ್ಕಳ ಹೆಸರಿಗೆ ಆಸ್ತಿಯನ್ನು ಬರೆದುಕೊಡುವಾಗಲೂ ಎಚ್ಚರಿಕೆಯು ಆವಶ್ಯಕ. ತಮ್ಮನ್ನು ಪೋಷಿಸತಕ್ಕದ್ದೆಂಬ ನಿಬಂಧನೆಯನ್ನು ದಾನಪತ್ರದಲ್ಲಿ ಸ್ಪಷ್ಟವಾಗಿ ಬರೆಯಿಸಿದ್ದರೆ, ಅದು ನಡೆಯದೆ ಹೋದ ಪಕ್ಷದಲ್ಲಿ ೨೦೦೭ರ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ ಅಧಿನಿಯಮದ ಮೇರೆಗೆ ಆ ಪತ್ರವನ್ನು ಅಸಿಂಧುವೆಂದು ಘೋಷಿಸುವಂತೆ ನ್ಯಾಯಮಂಡಲಿಯನ್ನು ಕೇಳಿಕೊಳ್ಳಬಹುದು. ಮಮತೆಯಿಂದ ಬಾಯಿಮಾತಿನಲ್ಲಿ ಬಿಟ್ಟ ನಿಬಂಧನೆಯು ಕಷ್ಟಕಾಲದಲ್ಲಿ ಉಪಯೋಗಕ್ಕೆ ಬರುವುದು ದುರ್ಲಭ.

೬. ಒಟ್ಟುಗೂಡಿ ನಡೆಯುವ ಮಾರ್ಗ

ಚಿಕ್ಕ ತೋಟಿಗನು ಒಂಟಿಯಾಗಿ ನಿಂತರೆ ಏನಾಗುವುದೆಂಬುದು ಈ ಸೀಮೆಯವರಿಗೆ ಹೊಸದಾಗಿ ಹೇಳತಕ್ಕ ವಿಷಯವಲ್ಲ. ಫಸಲಿಗೆ ಮುಂಚೆಯೇ ಸಾಲ ಕೊಟ್ಟು, ಫಸಲನ್ನು ತಾವು ಹೇಳಿದ ಬೆಲೆಗೆ ತೆಗೆದುಕೊಳ್ಳುವವರ ಕೈಯಿಂದ ಬಿಡಿಸಿಕೊಳ್ಳುವುದಕ್ಕಾಗಿಯೇ ಸಹಕಾರ ಸಂಘಗಳು ಏರ್ಪಟ್ಟವು. ೧೯೦೫ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಆರಂಭವಾದ ಸಹಕಾರ ತತ್ತ್ವವು ಘಟ್ಟಕ್ಕೂ ಬಂದು, ೧೯೨೩ರಲ್ಲಿ ಶಿರಸಿಯಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘವು ಸ್ಥಾಪಿತವಾಯಿತು. ೧೯೩೯ರಲ್ಲಿ ಶಿವಮೊಗ್ಗೆಯಲ್ಲಿ ಮಲೆನಾಡು ಅಡಿಕೆ ಮಾರಾಟ ಸಹಕಾರ ಸಂಘವೂ, ೧೯೭೩ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಸಂಸ್ಥೆಯೂ ಹುಟ್ಟಿದವು. ಮಾರಾಟದಲ್ಲಿ ಒಟ್ಟಾಗಿ ನಡೆದು ಬಲವನ್ನು ಕಂಡವರು, ಬೇಸಾಯದಲ್ಲಿಯೂ ಅದೇ ತತ್ತ್ವವನ್ನು ನಡೆಯಿಸಲು ಅಡ್ಡಿಯೇನೂ ಇಲ್ಲ. ಹಕ್ಕನ್ನು ಕಾಗದದಲ್ಲಿ ಪ್ರತ್ಯೇಕವಾಗಿಟ್ಟುಕೊಂಡು, ತೋಟವನ್ನು ಮಾತ್ರ ತುಂಡರಿಸದೆ ಒಬ್ಬರ ಮೇಲ್ವಿಚಾರಣೆಯಲ್ಲಿ ಬಿಟ್ಟು, ಖರ್ಚು ಕಳೆದು ಉಳಿದ ಉತ್ಪನ್ನವನ್ನು ಪಾಲಿನಂತೆ ಹಂಚಿಕೊಳ್ಳುವ ಕುಟುಂಬಗಳು ಅಲ್ಲಲ್ಲಿ ಇರುವುವು. ಇಂತಹ ಕರಾರು ಲಿಖಿತವಾಗಿರಬೇಕು. ಮೇಲ್ವಿಚಾರಕನಿಗೆ ಅವನ ಶ್ರಮಕ್ಕೆ ತಕ್ಕ ವೇತನವನ್ನು ಮೊದಲು ಕೊಟ್ಟು ಅನಂತರ ಉಳಿದದ್ದನ್ನು ಹಂಚಬೇಕು. ವರ್ಷಕ್ಕೊಂದಾವೃತ್ತಿ ಲೆಕ್ಕವನ್ನು ಎಲ್ಲರ ಮುಂದೆ ಇಡಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಅಣ್ಣತಮ್ಮಂದಿರ ವಿಶ್ವಾಸವು ಹೆಚ್ಚು ಕಾಲ ನಿಲ್ಲದು.

ಒಂದೇ ಬೆಳೆಯ ಮೇಲೆ ಪೂರ್ಣವಾಗಿ ಆತುಕೊಳ್ಳುವುದೂ ವಿವೇಕವಲ್ಲ. ಅಡಿಕೆಯ ಬೆಲೆಯು ಏರಿಳಿಯುವಂತಹದು. ಅದಲ್ಲದೆ, ಅಡಿಕೆಯನ್ನು ಅಗಿಯುವುದು ಕ್ಯಾನ್ಸರ್ ರೋಗಕ್ಕೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಶಾಖೆಯು ೨೦೦೪ರಲ್ಲಿ ಪ್ರಕಟಿಸಿದ ವರದಿಯಲ್ಲಿ ನಿರ್ಣಯಿಸಿರುವುದರಿಂದ, ಬೇಡಿಕೆಯು ಎಂದೆಂದಿಗೂ ಹೀಗೆಯೇ ಇರುವುದೆಂದು ನಂಬಲಾಗದು. ಪೂರ್ವಿಕರ ತೋಟವು ಬರಿಯ ಅಡಿಕೆಯ ತೋಟವಾಗಿರಲಿಲ್ಲ. ಮರದ ಮೈಗೆ ಮೆಣಸಿನ ಬಳ್ಳಿ, ನೆರಳಿನಲ್ಲಿ ಏಲಕ್ಕಿ, ನಡುವೆ ಬಾಳೆ ಇದ್ದವು. ಬೆಟ್ಟದಲ್ಲಿ ಮುರುಗಲು, ಉಪ್ಪಾಗೆಗಳ ಹಣ್ಣು ದೊರೆಯುತ್ತಿದ್ದಿತು. ಆ ಮಿಶ್ರಬೆಳೆಯ ಪದ್ಧತಿಯನ್ನು ಬಿಡದೆ ಬೆಳೆಯಿಸಿಕೊಂಡು ಬರುವುದು ಚಿಕ್ಕ ತೋಟಿಗನಿಗೆ ಒಳ್ಳೆಯ ರಕ್ಷಣೆ.

ಇಳಿಜಾರುಗಳ ವಿಷಯದಲ್ಲಿ ಇನ್ನೊಂದು ಎಚ್ಚರಿಕೆಯುಂಟು. ೨೦೨೧ರ ಜುಲೈ ತಿಂಗಳ ಅತಿವೃಷ್ಟಿಯಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡಗಳು ಕುಸಿದು ತೋಟಗಳೂ ದಾರಿಗಳೂ ಮಣ್ಣುಪಾಲಾದವು. ತಲೆಮಾರುಗಳ ದುಡಿಮೆಯು ಅಲ್ಪಕಾಲದಲ್ಲಿ ಹೋಯಿತು. ಗುಡ್ಡದ ಬುಡವನ್ನು ಕಡಿದು ದಾರಿ, ಮನೆ, ಹೊಸ ತೋಟಗಳನ್ನು ಮಾಡುವವರು ಇದನ್ನು ನೆನಪಿನಲ್ಲಿಡಬೇಕು. ಮೇಲಿನ ಮಳೆಯ ನೀರು ಸರಾಗವಾಗಿ ಹರಿದುಹೋಗುವ ಹಳೆಯ ತೋಡುಗಳನ್ನು ಎಂದೂ ಮುಚ್ಚಕೂಡದು.

೭. ತೋಟಿಗರು ಆಚರಿಸತಕ್ಕ ಮುಖ್ಯಾಂಶಗಳು

(೧) ಊರಿನವರೆಲ್ಲರೂ ಮಳೆಗೆ ಮುಂಚೆ ಗೊತ್ತಾದ ಒಂದು ದಿವಸ ಕೂಡಿ ಕಾಲುವೆ, ಹಳ್ಳಗಳ ಹೂಳನ್ನು ತೆಗೆಯಬೇಕು. ಪಟ್ಟಣದಲ್ಲಿರುವ ಪಾಲುದಾರರು ಆಳನ್ನಾಗಲಿ ಹಣವನ್ನಾಗಲಿ ಕಳುಹಿಸಬೇಕು.

(೨) ಕೊಳೆರೋಗದ ಔಷಧವನ್ನು ಕಣಿವೆಯ ಎಲ್ಲ ತುಂಡುಗಳಿಗೂ ಒಂದೇ ಅವಧಿಯಲ್ಲಿ ಹೊಡೆಯಿಸಬೇಕು. ಯಜಮಾನರಿಲ್ಲದ ತೋಟವನ್ನು ಬಿಡಕೂಡದು. ಖರ್ಚನ್ನು ಅನಂತರ ವಸೂಲು ಮಾಡಿಕೊಳ್ಳಬಹುದು.

(೩) ಬೆಟ್ಟವನ್ನು ಭಾಗಗಳಾಗಿ ವಿಂಗಡಿಸಿ ಸರದಿಯ ಮೇಲೆ ಸೊಪ್ಪು ಕಡಿಯಬೇಕು. ಬಿಟ್ಟ ಭಾಗಕ್ಕೆ ಬೆಂಕಿ ತಗುಲದಂತೆ ನೋಡಿಕೊಳ್ಳಬೇಕು. ಸತ್ತ ಮರಗಳಿಗೆ ಪ್ರತಿಯಾಗಿ ಸಸಿಗಳನ್ನು ನೆಡಬೇಕು.

(೪) ಪಾಲುಪತ್ರವನ್ನು ನೋಂದಣಿ ಮಾಡಿಸಿ, ಸರ್ವೆ ನಕ್ಷೆಯನ್ನು ಮಾಡಿಸಿ, ಪಹಣಿಯಲ್ಲಿ ಹೆಸರುಗಳು ಸರಿಯಾಗಿ ದಾಖಲಾದವೇ ಎಂಬುದನ್ನು ನೋಡಿಕೊಳ್ಳಬೇಕು. ನೀರು, ದಾರಿ, ಅಂಗಳಗಳ ವಿಷಯವನ್ನು ಬರೆಯದೆ ಬಿಡಕೂಡದು.

(೫) ಹೆಣ್ಣುಮಕ್ಕಳನ್ನೂ ಮೊದಲಿನಿಂದಲೇ ಮಾತುಕತೆಗೆ ಕರೆಯಬೇಕು. ವೃದ್ಧರ ಜೀವನಾಂಶವನ್ನು ಎಲ್ಲಕ್ಕಿಂತ ಮೊದಲು ತೆಗೆದಿಡಬೇಕು.

(೬) ಕೆಲಸಗಾರರ ಮನೆಯ ಹಕ್ಕಿಗೆ ಅಡ್ಡಿಮಾಡದೆ, ಮರ ಹತ್ತುವವರಿಗೆ ಅಪಘಾತದ ವಿಮೆಯನ್ನು ಮಾಡಿಸಬೇಕು.

ತೋಟದೂರಿನ ಆಸ್ತಿಯು ಪಹಣಿಯ ಪತ್ರದಲ್ಲಿ ಎಕರೆ ಗುಂಟೆಗಳಾಗಿ ಕಾಣಿಸುವುದು. ಆದರೆ ಅದನ್ನು ಆಸ್ತಿಯನ್ನಾಗಿ ಮಾಡಿದ ನೀರು ಬೆಟ್ಟದಿಂದ ಬಂದದ್ದು, ಸಾರವು ಕೊಟ್ಟಿಗೆಯಿಂದ ಬಂದದ್ದು, ಫಸಲು ಕೆಲಸಗಾರನ ಕೈಯಿಂದ ಇಳಿದದ್ದು, ಆರೋಗ್ಯವು ನೆರೆಯವನ ಎಚ್ಚರಿಕೆಯಿಂದ ಉಳಿದದ್ದು. ಇವುಗಳನ್ನು ಯಾವ ಸರ್ವೆಯೂ ಅಳೆದು ಹಂಚಲಾರದು. ಆದಕಾರಣ ಪಾಲು ಮಾಡಿಕೊಳ್ಳುವವರು ಹಂಚಬಹುದಾದದ್ದನ್ನು ನ್ಯಾಯವಾಗಿ ಹಂಚಿಕೊಂಡು, ಹಂಚಲಾಗದ್ದನ್ನು ಕೂಡಿಯೇ ಕಾಪಾಡಿಕೊಳ್ಳುವುದು ಅವರಿಗೂ ಅವರ ಮುಂದಿನವರಿಗೂ ಶ್ರೇಯಸ್ಕರವಾದದ್ದು.